ಭೀಮಬಾಯಿಯ ಬಿಸಿನೀರ ಬೋರಿಂಗು

"ನೀರು ಸಾಧಾರಣ." ಸರಕಾರದ ಕಾಗದದ ತಿರುಳು ಈ ಎರಡೇ ಪದ. ಇವಕ್ಕೆ ಗೀಟು ಎಳೆಸಲು ಒಬ್ಬ ಅಡುಗೆ ಹೆಂಗಸು ಹದಿಮೂರು ತಿಂಗಳು ಬಡಿದಾಡಿದಳು. ಅವಳ ಹೆಸರು ಭೀಮಬಾಯಿ, ಊರು ಸೇಡಂ ತಾಲ್ಲೂಕಿನ ಮರಡಿಹಾಳ. ನಾನು ಪದ್ಮಜಾ, ಆ ಊರಿನ ಸರಕಾರಿ ಶಾಲೆಯಲ್ಲಿ ಹದಿನೇಳು ವರ್ಷ ವಿಜ್ಞಾನ ಕಲಿಸಿದವಳು. ದೊಡ್ಡವರ ಚರಿತ್ರೆ ಬರೆಯಲು ಮಂದಿ ಬೇಕಾದಷ್ಟಿದ್ದಾರೆ. ಇವಳದ್ದನ್ನು ನಾನೇ ಬರೆಯಬೇಕು, ಯಾಕೆಂದರೆ ಅವಳು ಮಾಡಿದ ತಪ್ಪಿನಲ್ಲಿ ಅರ್ಧ ಪಾಲು ನನ್ನದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ, ಇದನ್ನು ಸಿಟ್ಟಿನಿಂದಲೇ ಬರೆಯುತ್ತೇನೆ.

ಭೀಮಬಾಯಿ ಅಂಬಿಗರ ಮನೆಯ ಮಗಳು. ಕಾಗಿಣಾ ಹೊಳೆಗೆ ಸೇತುವೆ ಆಗುವ ಮೊದಲು ಅವಳಪ್ಪ ಹರಗೋಲು ಹಾಕಿ ಮಂದಿಯನ್ನು ಆಚೆ ದಂಡೆಗೆ ದಾಟಿಸುತ್ತಿದ್ದ. ದಂಡೆಯ ಬೇವಿನ ಮರದ ಕೆಳಗೆ ಒಂದು ಹರವಿ, ಅಂದರೆ ದೊಡ್ಡ ಮಣ್ಣಿನ ಗಡಿಗೆ, ನೀರು ತುಂಬಿ ಸದಾ ಇರುತ್ತಿತ್ತು. ಬಿಸಿಲಿನಲ್ಲಿ ಬಂದವರಿಗೆ ಮೊದಲು ತಣ್ಣೀರು ಕೊಡಬೇಕು, ಆಮೇಲೆ ಊರು ಕೇಳಬೇಕು, ಹೆಸರು ಕೇಳಬೇಕು. ಅದು ಆ ಮನೆಯ ಕಟ್ಟಳೆ. "ಬಿಸಲಾಗ ಬಂದವರಿಗಿ ಬಿಸಿನೀರು ಕೊಟ್ಟ ಮನಿ ಉದ್ಧಾರ ಆಗಂಗಿಲ್ಲ" ಎಂದು ಅವಳಪ್ಪ ಹೇಳುತ್ತಿದ್ದನಂತೆ. ಭೀಮಬಾಯಿಗೆ ಎಂಟು ವರ್ಷವಾದಾಗಿನಿಂದ ಆ ಹರವಿಯ ಮುಂದೆ ಕೂತು ನೀರು ಕೊಡುವುದೇ ಕೆಲಸ. ಅಕ್ಷರ ಕಲಿಯಲಿಲ್ಲ. ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದ ಖಂಡಪ್ಪನನ್ನು ಮದುವೆಯಾಗಿ ಮರಡಿಹಾಳಕ್ಕೆ ಬಂದಳು.

ತೊಂಬತ್ತಾರರಲ್ಲಿ ನಮ್ಮ ಶಾಲೆಯ ಅಂಗಳದಲ್ಲಿ ಬೋರು ಕೊರೆದರು. ಕೊರೆದವನು ವಾಡಿಯ ಗುಲಾಮ ದಸ್ತಗೀರ ಮಿಸ್ತ್ರಿ. ಏಳುನೂರು ಅಡಿಗೆ ನೀರು ಚಿಮ್ಮಿದಾಗ ಅವನು ಕೈ ಒಡ್ಡಿ, "ಯಾ ಅಲ್ಲಾ!" ಎಂದು ಹಿಂದಕ್ಕೆ ಹಾರಿದ. ನೀರು ಬಿಸಿ ಇತ್ತು. ಸ್ನಾನಕ್ಕೆ ಹದವಾಗಿ ಕಾಯಿಸಿದ ನೀರಿಗಿಂತ ಒಂದು ಕೈ ಹೆಚ್ಚೇ. "ಗಂಗವ್ವಗ ಜ್ವರ ಬಂದಾವ" ಎಂದು ಊರೆಲ್ಲ ನಕ್ಕಿತು. ಎರಡು ದಿನದಲ್ಲಿ ಇಳಿಯುತ್ತದೆ ಎಂದು ಮೇಲೆ ಕೈಪಂಪು ಕೂರಿಸಿಹೋದರು. ನಮ್ಮ ಕಡೆ ಕೈಪಂಪಿಗೆ ಬೋರಿಂಗ್ ಎನ್ನುತ್ತಾರೆ. ಜ್ವರ ಮಾತ್ರ ಇಳಿಯಲಿಲ್ಲ. ಕುಡಿಯಲು ಒಲ್ಲೆ ಎಂದು ಮಂದಿ ಹೊಳೆಗೇ ಹೋದರು. ಭೀಮಬಾಯಿ ಒಬ್ಬಳೇ ಸಂಜೆ ಬಂದು ನೀರು ಹೊಡೆದು, ಅರಿವೆಯಲ್ಲಿ ಸೋಸಿ, ಹರವಿಯಲ್ಲಿ ತುಂಬಿಟ್ಟು ಮರುದಿನ ತಣ್ಣಗೆ ಕುಡಿಯುತ್ತಿದ್ದಳು. "ಜ್ವರ ಆದ್ರ ಇಳೀಬೇಕಲ್ಲರಿ ಅಕ್ಕೋರ? ಇದು ಜ್ವರ ಅಲ್ಲ, ಅಕಿ ಸ್ವಭಾವ" ಎಂದು ನನಗೊಮ್ಮೆ ಹೇಳಿದಳು.

ಎರಡು ಸಾವಿರದ ಎರಡರಲ್ಲಿ ಶಾಲೆಯಲ್ಲಿ ಬಿಸಿಯೂಟ ಸುರುವಾಯಿತು, ಅವಳು ಅಡುಗೆಗೆ ಬಂದಳು. ಜತೆಗೆ ಅವಳ ಹರವಿಯೂ ಅಡುಗೆಕೋಣೆಗೆ ಬಂತು. ಅಕ್ಕಿಗೆ ಎಸರಿಡಲು ಆ ಬೋರಿಂಗಿನ ನೀರೇ. ಬೇರೆ ಶಾಲೆಗಳಲ್ಲಿ ಎಸರು ಕುದಿಯುವ ಹೊತ್ತಿಗೆ ಇಲ್ಲಿ ಅನ್ನವೇ ಆಗಿರುತ್ತಿತ್ತು, ಕಟ್ಟಿಗೆಯೂ ಉಳಿಯುತ್ತಿತ್ತು. ನಾನು ವಿಜ್ಞಾನದ ಟೀಚರು. ದಿನಾ ಆ ಒಲೆಯ ಮುಂದೆಯೇ ಹಾದು ತರಗತಿಗೆ ಹೋಗಿ ಶಾಖದ ಪಾಠ ಮಾಡುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ನೋಡಿ, ನನಗೆ ಒಂದು ದಿನವೂ ಹೊಳೆಯಲಿಲ್ಲ.

ಎರಡು ಸಾವಿರದ ಐದರ ಫೆಬ್ರವರಿಯಲ್ಲಿ ಸೇಡಂದ ತಾಲ್ಲೂಕು ಪಂಚಾಯತಿ ಸಭಾಭವನದಲ್ಲಿ ಶಿಕ್ಷಕರಿಗೆಲ್ಲ ಒಂದು ಸಭೆ ಕರೆದರು. ಗುಲಬರ್ಗಾದಿಂದ ನಂದಕಿಶೋರ್ ಎಂಬ ಅಧಿಕಾರಿ ಬಂದಿದ್ದರು. ಭೂಮಿಯ ಹೊಟ್ಟೆಯ ಶಾಖವನ್ನು ಮೇಲೆ ತಂದು ಕೆಲಸಕ್ಕೆ ಹಚ್ಚುವುದು, ಅದಕ್ಕೆ ದಿಲ್ಲಿ ಸರಕಾರ ಮತ್ತು ರಾಜ್ಯ ಸರಕಾರ ಜತೆಗೂಡುವುದು, ಇದು ಅವರ ಮಾತು. ವಾಡಿ ಜಂಕ್ಷನ್ನಿನಲ್ಲಿ ದಿನಾ ನಿಲ್ಲುವ ಕಲ್ಲಿದ್ದಲ ರೈಲು ನೋಡೀರಲ್ಲ, ಅದು ಒಂದಿನ ಮುಗಿಯುತ್ತದೆ, ಇದು ಮುಗಿಯುವುದಿಲ್ಲ ಎಂದರು. ಚಲೋ ಮಾತಾಡಿದರು, ಸುಳ್ಳು ಯಾಕೆ ಹೇಳಲಿ. ಕೊನೆಗೆ, "ಮೊದಲು ರಾಜ್ಯ ಒಂದು ಪಟ್ಟಿ ಮಾಡಿ ಕೊಡಬೇಕು. ಪಟ್ಟಿಯಲ್ಲಿ ಹೆಸರಿಲ್ಲದ ಊರಿಗೆ ಯಾರೂ ಬರೋದಿಲ್ಲ. ನಿಮ್ಮ ಊರಾಗ ಎಲ್ಲೆರ ಬಿಸಿನೀರು ಅದ ಏನು?" ಎಂದು ಕೇಳಿದರು.

ಅರವತ್ತು ಜನ ಶಿಕ್ಷಕರು ಕೂತಿದ್ದೆವು. ಯಾರೂ ಪಿಟಕ್ಕೆನ್ನಲಿಲ್ಲ. ನಾನೂ ಸುಮ್ಮನಿದ್ದೆ! ಪಕ್ಕದ ಕೋಣೆಯಲ್ಲಿ ಅಡುಗೆಯವರ ತರಬೇತಿ ನಡೆದಿತ್ತು. ಬಾಗಿಲಿನಿಂದ ಒಂದು ಗಟ್ಟಿ ದನಿ ಬಂತು.

"ಸಾಹೇಬ್ರ, ನಮ್ಮೂರಾಗ ಅದರಿ."

ಸಭೆ ಗೊಳ್ಳೆಂದು ನಕ್ಕಿತು. "ಒಲಿ ಮ್ಯಾಲಿಂದೇನವ್ವ?" ಎಂದ ಒಬ್ಬ ಶಿಕ್ಷಕ.

"ಒಲಿ ಮ್ಯಾಲ ಇಡೂಕಿಂತ ಮೊದಲ ಬಿಸಿ ಇರ್ತದ. ನಗಾಕತ್ತೀರಲ್ಲ, ಬಂದು ಕೈ ಇಡ್ರಿ" ಎಂದಳು ಭೀಮಬಾಯಿ. ನಂದಕಿಶೋರ್ ನಗಲಿಲ್ಲ. ಊರಿನ ಹೆಸರು ಬರೆದುಕೊಂಡರು.

ಮಾರ್ಚ್ ಕೊನೆಯ ವಾರ ಜೀಪು ಬಂತು. ನಂದಕಿಶೋರ್ ಬಂದಿರಲಿಲ್ಲ, ತಮ್ಮ ಕೈಕೆಳಗಿನವನೊಬ್ಬನನ್ನು ಕಳಿಸಿದ್ದರು. ಮಟಮಟ ಮಧ್ಯಾಹ್ನ, ಕರೆಂಟು ಇಲ್ಲ. ಆ ಮನುಷ್ಯ ಹೆಡ್‌ಮಾಸ್ತರರ ಕೋಣೆಯಲ್ಲಿ ಕುರ್ಚಿಗೆ ಒರಗಿ, ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತ, ಎರಡು ಬಾಟಲಿ ಮೇಜಿನ ಮೇಲಿಟ್ಟ. "ನೀರು ತುಂಬಿಸಿ ಕಳಸ್ರಿ" ಎಂದ. ಬೋರಿಂಗು ಕೋಣೆಯಿಂದ ನಲವತ್ತು ಹೆಜ್ಜೆ. ಅಷ್ಟು ದೂರ ನಡೆದಿದ್ದರೆ ಅವನ ಕಾಲು ಸವೆಯುತ್ತಿತ್ತೋ ಏನೋ!

ಬಾಟಲಿ ತೆಗೆದುಕೊಂಡು ಹೋದವಳು ಭೀಮಬಾಯಿ. ಐದು ನಿಮಿಷದಲ್ಲಿ ತುಂಬಿ ತಂದು, ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು. ಅವನಿಗೆ ಕುಡಿಯಲು ಒಂದು ತಂಬಿಗೆ ನೀರನ್ನೂ ತಂದಿದ್ದಳು. ಅವನು ಕುಡಿದ. "ಆಹಾ, ಏನ್ ತಂಪದವ್ವ ನಿಮ್ಮೂರ ನೀರು!" ಎಂದ. ಭೀಮಬಾಯಿಯ ಮುಖ ಅರಳಿತು. ಬಾಟಲಿಯಲ್ಲಿ ಥರ್ಮಾಮೀಟರ್ ಇಳಿಸಿ, ಏನೋ ಬರೆದುಕೊಂಡು, ಮುಚ್ಚಳಕ್ಕೆ ಅರಗು ಹಾಕಿ ಹೋದ. ನಾನು ಅದೇ ಕೋಣೆಯಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತ ಕೂತಿದ್ದೆ. ತಂಪು ಎಂಬ ಮಾತು ನನ್ನ ಕಿವಿಗೂ ಬಿತ್ತು. ಬಿದ್ದು ಏನು ಬಂತು?

ಜೂನಿನಲ್ಲಿ ವರದಿ ಬಂತು. ಪಂಚಾಯತಿಯವರು ಅದರ ಒಂದು ಪ್ರತಿಯನ್ನು ಶಾಲೆಗೆ ಕಳಿಸಿದರು, ನಾನು ಒಲೆಯ ಮುಂದೆ ನಿಂತು ಭೀಮಬಾಯಿಗೆ ಓದಿ ಹೇಳಿದೆ. ನೀರು ಸಾಧಾರಣ. ಪಟ್ಟಿಗೆ ಸೇರಿಸುವ ಅಗತ್ಯವಿಲ್ಲ.

"ಕಡ್ಡಿ ಎಷ್ಟು ತೋರಸ್ಯದಂತ ಬರದಾರ?" ಎಂದು ಕೇಳಿದಳು.

"ಇಪ್ಪತ್ತಾರು ಡಿಗ್ರಿ. ಅಂದ್ರ ಗಡಿಗಿ ನೀರಿನಷ್ಟು."

ಅವಳ ಕೈಯಲ್ಲಿದ್ದ ಸೌಟು ನಿಂತಿತು. "ಗಡಿಗಿ ನೀರಽ ಅಲ್ಲೇನ್ರಿ ಅಕ್ಕೋರ ಅದು? ಬಿಸಲಾಗ ಬಂದಾನ, ಅವನಿಗಿ ಬಿಸಿನೀರು ಹ್ಯಾಂಗ ಕೊಡ್ಲಿ ಅಂತ ಹರವ್ಯಾಗಿಂದು ತುಂಬಿ ಕೊಟ್ಟೆ. ಬೆಂಕಿ ಹತ್ಲಿ ಈ ಕೈಗಿ!"

ಹರಗೋಲಿನ ದಂಡೆಯ ಆ ಹರವಿ, ಅವಳಪ್ಪನ ಕಟ್ಟಳೆ, ಎಲ್ಲ ಕೂಡಿ ಆ ಎರಡು ಬಾಟಲಿಯೊಳಗೆ ಹೋಗಿತ್ತು. ಮರ್ಯಾದೆಯ ನೀರನ್ನೇ ಮಾದರಿಗೆ ಕಳಿಸಿದ್ದೆವು. ನನಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಮಾಡಲಿ ತಿಳಿಯಲಿಲ್ಲ.

ಊರಿಗೆ ಮಾತ್ರ ಹಬ್ಬ. "ಗಂಗವ್ವನ ಜ್ವರ ಇಳೀತಂತ, ಸರಕಾರದವರು ಗುಳಿಗಿ ಕೊಟ್ಟಾರ" ಎಂದು ಕಟ್ಟೆಯ ಮೇಲೆ ನಗೆ. ಖಂಡಪ್ಪ ಬಡಪಾಯಿ ಮನುಷ್ಯ, ಹೆಂಡತಿಯನ್ನು ಸಮಾಧಾನ ಮಾಡಲು ಹೋದ. "ಬಿಡು ಅತ್ಲಾಗ. ಸರಕಾರದ ಕಾಗದ ಒಮ್ಮಿ ಬರದ್ರ ಬರದಂಗ. ನಮಗ್ಯಾಕ ಊರ ಉಸಾಬರಿ?"

"ಸುಳ್ಳು ಬರದಾರ. ಆ ಸುಳ್ಳು ನನ್ನ ಕೈಲಿಂದ ಹೋಗ್ಯದ. ಬರಸಿದಾಕಿ ನಾನು, ಅಳಸಾಕಿನೂ ನಾನಽ" ಎಂದಳು. ಮರುದಿನ ಬೆಳಿಗ್ಗೆ ನನ್ನ ಮುಂದೆ ಕೈ ಚಾಚಿ ನಿಂತಳು. "ನಿಮ್ಮ ಆ ಗಾಜಿನ ಕಡ್ಡಿ ಕೊಡ್ರಿ ಅಕ್ಕೋರ. ಓದೂದು ಹ್ಯಾಂಗ ಹೇಳಿಕೊಡ್ರಿ."

ಅಂಕಿ ಓದಲು ಬಾರದವಳಿಗೆ ಥರ್ಮಾಮೀಟರ್ ಹೇಗೆ ಕಲಿಸುವುದು? ಇಬ್ಬರೂ ಬೋರಿಂಗಿನ ಹತ್ತಿರ ಹೋದೆವು. ಅವಳು ಹೊಡೆದಳು, ನಾನು ಹಿಡಿದೆ, ಪಾದರಸ ನಲವತ್ತಮೂರಕ್ಕೆ ಏರಿ ನಿಂತಿತು. ಅವಳು ತನ್ನ ಸೀರೆಯ ಅಂಚಿನಿಂದ ಒಂದು ಕೆಂಪು ದಾರ ಹಿರಿದು ಆ ಗುರುತಿಗೆ ಬಿಗಿಯಾಗಿ ಕಟ್ಟಿದಳು. ಅಂದಿನಿಂದ ದಿನಕ್ಕೆ ಮೂರು ಸಲ ಅಳತೆ. ಪಾದರಸ ದಾರ ಮುಟ್ಟಿದರೆ ಅಡುಗೆಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ನೆಟ್ಟನೆಯ ಗೀಟು, ಮುಟ್ಟದಿದ್ದರೆ ಸೊಟ್ಟ ಗೀಟು. ಮೊದಲ ವಾರ ಎರಡು ಸೊಟ್ಟ ಬಿದ್ದವು. ಯಾಕೆಂದು ಅವಳೇ ಹುಡುಕಿದಳು. ಕೊಳವೆಯಲ್ಲಿ ನಿಂತ ನೀರು ಮೊದಲು ಬರುತ್ತದೆ, ಅದು ತಣ್ಣಗಿರುತ್ತದೆ. ಐವತ್ತು ಸಲ ಹೊಡೆದ ಮೇಲೆ ಬರುವುದೇ ಭೂಮಿಯ ನೀರು. ನನ್ನ ಪುಸ್ತಕದಲ್ಲಿ ಅದು ಇರಲಿಲ್ಲ.

ಡಿಸೆಂಬರಿನ ಚಳಿಯಲ್ಲಿ ಮಕ್ಕಳು ಗಡಗಡ ನಡುಗುವಾಗಲೂ ನೆಟ್ಟ ಗೀಟು. ಮೇ ತಿಂಗಳ ಕಲ್ಲು ಸಿಡಿಯುವ ಬಿಸಿಲಿನಲ್ಲೂ ನೆಟ್ಟ ಗೀಟು. ರಜೆಯಲ್ಲಿ ನಾನು ಸೇಡಂದ ಮನೆಯಲ್ಲಿ ಹಪ್ಪಳ ಒಣಗಿಸುತ್ತಿದ್ದೆ, ಅವಳು ಗೋಡೆಯ ಮುಂದೆ ಇದ್ದಿಲು ಹಿಡಿದು ನಿಂತಿದ್ದಳು. ನಾನು ನಾಲ್ಕು ಅರ್ಜಿ ಬರೆದು ಗುಲಬರ್ಗಾಕ್ಕೆ ಹಾಕಿದೆ. ಮೂರಕ್ಕೆ ಉತ್ತರವಿಲ್ಲ. ಒಂದಕ್ಕೆ "ಕಡತದಲ್ಲಿ ಇಡಲಾಗಿದೆ" ಎಂದು ಬಂತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ.

ಎರಡು ಸಾವಿರದ ಆರರ ಜುಲೈನಲ್ಲಿ ಪಂಚಾಯತಿ ಅಧ್ಯಕ್ಷ ಮಡಿವಾಳಯ್ಯ ಒಂದು ಠರಾವು ಮಾಡಿಸಿದರು. ಶಾಲೆಯ ಬೋರಿಂಗ್ ಕಿತ್ತು ಮಠದ ಓಣಿಯಲ್ಲಿ ಹೊಸದಾಗಿ ಕೊರೆದ ಬೋರಿಗೆ ಕೂರಿಸುವುದು, ಇಲ್ಲಿಯ ಕೊಳವೆಗೆ ಸಿಮೆಂಟು ತುಂಬಿ ಮುಚ್ಚುವುದು. ಮಡಿವಾಳಯ್ಯ ಕೆಟ್ಟವರಲ್ಲ. ಅವರ ಓಣಿಯವರಿಗೆ ನೀರು ಬೇಕಿತ್ತು.

"ನಿಮಗ ಪಂಪ್ ಬೇಕಂದ್ರ ಬ್ಯಾರೆ ತರಸ್ರಿ ಅಯ್ಯಾರ, ನಾ ಬ್ಯಾಡಂದೀನೇನು? ಇದರ ಬಾಯಿಗಿ ಸಿಮಿಟ್ ಹಾಕಬ್ಯಾಡ್ರಿ. ಹಾಕಿದ್ರ ನಾ ಸುಳ್ಳಾಕಿ ಆಗೇ ಸಾಯ್ತೀನಿ" ಎಂದಳು ಭೀಮಬಾಯಿ.

"ಸರಕಾರಽ ಸಾಧಾರಣ ಅಂದದ ತಂಗಿ. ಕುಡ್ಯಾವ್ರಿಲ್ಲ, ಪಟ್ಟ್ಯಾಗ ಹೆಸರಿಲ್ಲ. ಯಾವ ಪುರುಷಾರ್ಥಕ್ಕ ಇಟಗೋಬೇಕು?"

ಕೀಳಲು ಬಂದವನು ಅದೇ ಗುಲಾಮ ದಸ್ತಗೀರ. ಭೀಮಬಾಯಿ ಬೋರಿಂಗಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಅಕ್ಕಿಯ ಮೊರ ಮುಂದಿಟ್ಟುಕೊಂಡು ಹರಳು ಆರಿಸತೊಡಗಿದಳು. "ಭಾಯಿ, ಇದನ್ನ ಕೊರದಾಂವ ನೀನು. ಅವತ್ತ ಹಿಂದಕ ಹಾರಿದ್ದಿ, ನೆಪ್ಪದ ಇಲ್ಲೋ?"

ದಸ್ತಗೀರ ಒಂದು ನಟ್ಟು ಆಗಲೇ ಸಡಿಲಿಸಿದ್ದ. ಅವಳನ್ನು ನೋಡಿದ, ಬಾಗಿಲಲ್ಲಿ ನಿಂತ ಮಡಿವಾಳಯ್ಯನವರನ್ನು ನೋಡಿದ. ಚೀಲದೊಳಗೆ ಕೈ ಹಾಕಿ ಬಹಳ ಹೊತ್ತು ತಡಕಾಡಿದ. "ತೋಬಾ ತೋಬಾ, ದೊಡ್ಡ ಪಾನಾ ಮನ್ಯಾಗೇ ಮರ್ತು ಬಂದೀನ್ರಿ ಅಯ್ಯಾರ. ಎಂಟು ದಿನ ಬಿಟ್ಟು ಬರ್ತೀನಿ" ಎಂದ. ನಟ್ಟು ಬಿಚ್ಚುವ ಆ ಪಾನಾ ಅವನ ಚೀಲದಿಂದ ಅರ್ಧ ಹೊರಗೇ ಚಾಚಿಕೊಂಡಿತ್ತು.

ಎಂಟು ದಿನ. ಐದನೆಯ ದಿನ ಚಿತ್ತಾಪುರದಲ್ಲಿ ಅದೇ ಭೂಮಿಯ ಶಾಖದ ಬಗ್ಗೆ ಕೇಂದ್ರ ಮತ್ತು ರಾಜ್ಯದ ಜಂಟಿ ಪ್ರಚಾರಸಭೆ ಎಂದು ತಿಳಿಯಿತು. ನಂದಕಿಶೋರ್ ಬರುವವರಿದ್ದರು. ನಾನು ರಜೆ ಹಾಕಿದೆ. ಗೋಡೆಯ ಗೀಟುಗಳನ್ನೆಲ್ಲ ದೊಡ್ಡ ಹಾಳೆಗಳ ಮೇಲೆ ಇಳಿಸಿಕೊಂಡು ಬಸ್ಸು ಹತ್ತಿದೆವು. ಸಭೆ ಮುಗಿದು ಅವರು ಜೀಪಿನತ್ತ ಹೊರಟಾಗ ಭೀಮಬಾಯಿ ಅಡ್ಡ ನಿಂತಳು.

"ಸಾಹೇಬ್ರ, ನಿಮ್ಮ ಪಟ್ಟಿ ತಪ್ಪದ. ತಪ್ಪು ನಂದಽ. ಹರವಿ ನೀರು ಕೊಟ್ಟೆ" ಎಂದು ಎಲ್ಲರ ಎದುರಿಗೆ ಹೇಳಿದಳು. ತಪ್ಪು ಒಪ್ಪುವವರು ತಲೆ ತಗ್ಗಿಸುವುದನ್ನು ನೋಡಿದ್ದೇನೆ. ಇವಳು ಜಗಳಕ್ಕೆ ಬಂದವಳ ಹಾಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಒಪ್ಪಿದಳು.

ನಂದಕಿಶೋರರಿಗೆ ನೆನಪಾಯಿತು, ಸಿಟ್ಟೂ ಬಂತು. "ಪಟ್ಟಿ ದಿಲ್ಲಿಗಿ ಹೋಗಿ ವರ್ಷ ಆಯ್ತು. ರಾಜ್ಯದ ಸಹಿ ಆಗ್ಯದ, ಕೇಂದ್ರದ ಸಹಿ ಆಗ್ಯದ. ಈಗ ತಿದ್ದಬೇಕಂದ್ರ ನಮ್ಮ ಇಲಾಖೆ ಮಾದರಿ ಸರಿ ತಗೊಂಡಿಲ್ಲ ಅಂತ ನಾವೇ ಬರಕೊಟ್ಟಂಗ ಆಗ್ತದ." ನನ್ನ ಕಡೆ ತಿರುಗಿದರು. "ಮೇಡಂ, ನೀವು ವಿಜ್ಞಾನದ ಟೀಚರ್ ಅಂತೀರಿ. ಅವತ್ತ ನೀವೆಲ್ಲಿದ್ರಿ?"

"ಅಲ್ಲೇ ಕೂತಿದ್ದೆ. ಕಣ್ಣಿದ್ದೂ ಕುರುಡಿ ಆಗಿದ್ದೆ. ಅದಕ್ಕೇ ಇವತ್ತ ಬಂದೀನಿ" ಎಂದೆ.

ಭೀಮಬಾಯಿ ಹಾಳೆಗಳ ಸುರುಳಿಯನ್ನು ಜೀಪಿನ ಬಾನೆಟ್ಟಿನ ಮೇಲೆ ಬಿಚ್ಚಿದಳು. ಸಾವಿರಕ್ಕೂ ಹೆಚ್ಚು ನೆಟ್ಟ ಗೀಟು, ಎರಡು ಸೊಟ್ಟ. "ನಿಮ್ಮ ಮನಿಶ್ಯಾ ಬೋರಿಂಗ್ ತನಕ ನಲವತ್ತು ಹೆಜ್ಜಿ ನಡೀಲಿಲ್ಲ. ನಾ ನನ್ನ ತಪ್ಪು ಒಪ್ಪೀನಿ. ನೀವು ನಿಮ್ಮದು ಒಪ್ಪರಿ. ಓದಿದವರಿಗಿ ಅಷ್ಟೂ ಬರಂಗಿಲ್ಲೇನು?"

ಅವರು ಆ ಎರಡು ಸೊಟ್ಟ ಗೀಟಿನ ಮೇಲೆ ಬೆರಳಿಟ್ಟು ಇವು ಯಾಕೆ ಎಂದು ಕೇಳಿದರು. ಅವಳು ಐವತ್ತು ಹೊಡೆತದ ಮಾತು ಹೇಳಿದಳು. ನಂದಕಿಶೋರ್ ಹಾಳೆಗಳನ್ನು ತಾವೇ ಸುತ್ತಿ ಅವಳ ಕೈಗೆ ಕೊಟ್ಟರು. "ಸುಳ್ಳು ಬರೆಯೋರು ಸೊಟ್ಟ ಗೀಟು ಬರೆಯೋದಿಲ್ಲ" ಎಂದು ತಮ್ಮಷ್ಟಕ್ಕೆ ಅಂದುಕೊಂಡು, ಬರುತ್ತೇನೆ ಎಂದೂ ಹೇಳದೆ, ಬರುವುದಿಲ್ಲ ಎಂದೂ ಹೇಳದೆ ಹೋದರು.

ಆರನೆಯ ದಿನ ಯಾರೂ ಬರಲಿಲ್ಲ. ಏಳನೆಯ ದಿನವೂ ಇಲ್ಲ. ಎಂಟನೆಯ ದಿನ ಮಧ್ಯಾಹ್ನ ದಸ್ತಗೀರ ಬಂದ. ಸಿಮೆಂಟಿನ ಚೀಲ ಬಂತು, ಮಡಿವಾಳಯ್ಯ ಬಂದರು, ಊರೂ ಬಂತು. ಮಳೆ ಕೈಕೊಟ್ಟ ಜುಲೈ ಅದು, ಬಿಸಿಲು ನೆತ್ತಿ ಸೀಳುತ್ತಿತ್ತು. ದಸ್ತಗೀರ ಪಾನಾ ತೆಗೆದು ಮತ್ತೆ ಮತ್ತೆ ಒರೆಸುತ್ತಿದ್ದ. ಆಗ ಜೀಪಿನ ಸದ್ದು ಕೇಳಿತು.

ಇಳಿದವರು ನಂದಕಿಶೋರ್, ಒಬ್ಬರೇ. ಬೆವರು ಒರೆಸುತ್ತ ನೇರ ಭೀಮಬಾಯಿಯ ಹತ್ತಿರ ಬಂದರು. "ಮೊದಲು ಒಂದೀಟು ಕುಡ್ಯಾಕ ನೀರು ಕೊಡವ್ವ."

"ಕೊಡಂಗಿಲ್ಲ" ಎಂದಳು ಭೀಮಬಾಯಿ.

ಖಂಡಪ್ಪ, "ಏ, ಏನ್ ಮಾತಾಡ್ತಿ!" ಎಂದು ಕೂಗಿದ. ಅಂಬಿಗರ ಮನೆಯ ಹೆಣ್ಣು, ಬಿಸಿಲಲ್ಲಿ ಬಂದವರಿಗೆ ನೀರು ಇಲ್ಲ ಎಂದದ್ದನ್ನು ಯಾರೂ ಕೇಳಿರಲಿಲ್ಲ. ಅವಳ ಕಣ್ಣು ಕೆಳಗಿಳಿಯಲಿಲ್ಲ.

"ಹ್ವಾದ ಸಲ ತಣ್ಣೀರು ಕೊಟ್ಟು ಕೆಟ್ಟೀನಿ. ಇವತ್ತ ಮೊದಲು ಕೆಲಸ, ಆಮ್ಯಾಲ ನೀರು. ಬೋರಿಂಗ್ ನೀವಽ ಹೊಡೀರಿ ಸಾಹೇಬ್ರ. ಭೀಮಬಾಯಿ ಕಾಸಿ ತಂದಾಳಂತ ನಾಳಿ ಯಾರೂ ಅನ್ನಬಾರದು."

ನಂದಕಿಶೋರ್ ತೋಳು ಮಡಚಿದರು. ಭೀಮಬಾಯಿ ಎಣಿಸಿದಳು. ಇಪ್ಪತ್ತಕ್ಕೆ ಅವರ ಅಂಗಿ ಬೆನ್ನಿಗೆ ಅಂಟಿತು. ಮೂವತ್ತಕ್ಕೆ ನಿಂತು ಕೈ ಒಡ್ಡಿದರು, ನೀರು ತಣ್ಣಗಿತ್ತು. ಮಂದಿಯ ನಡುವಿನಿಂದ ಯಾರೋ ಕಿಸಕ್ಕೆಂದರು. "ಇನ್ನಾ ಇಪ್ಪತ್ತು ಅವ, ಹೊಡೀರಿ" ಎಂದಳು. ನಲವತ್ತೈದು. ನಲವತ್ತೆಂಟು. ಐವತ್ತಾದಾಗ ಅವರು ಕೈ ಒಡ್ಡಿ, ದಸ್ತಗೀರ ಹತ್ತು ವರ್ಷದ ಹಿಂದೆ ಹಾರಿದ ಹಾಗೇ ಹಿಂದಕ್ಕೆ ಹಾರಿದರು.

ತಮ್ಮ ಥರ್ಮಾಮೀಟರನ್ನು ಧಾರೆಗೇ ಹಿಡಿದರು. ಭೀಮಬಾಯಿ ತನ್ನ ದಾರ ಕಟ್ಟಿದ ಕಡ್ಡಿಯನ್ನು ಪಕ್ಕದಲ್ಲೇ ಹಿಡಿದಳು. ಎರಡರಲ್ಲೂ ಪಾದರಸ ಒಂದೇ ಎತ್ತರಕ್ಕೆ ನಿಂತಿತು. ಮಡಿವಾಳಯ್ಯ ಮುಂದೆ ಬಂದು ಬೆರಳು ಅದ್ದಿ, "ಶಿವ ಶಿವಾ" ಎಂದು ಕೈ ಝಾಡಿಸಿದರು. ಹತ್ತು ವರ್ಷದಿಂದ ತಮ್ಮ ಊರಿನಲ್ಲಿದ್ದ ನೀರನ್ನು ಅವರು ಮುಟ್ಟಿ ನೋಡಿದ್ದು ಅಂದೇ.

"ಆಯ್ತವ್ವ, ಆಫೀಸಿಗಿ ಹೋಗಿ ಬರದು ಕಳಸ್ತೀನಿ" ಎಂದರು ನಂದಕಿಶೋರ್. "ಆದ್ರ ಒಂದ್ಮಾತು. ಈ ನಲವತ್ತಮೂರು ಡಿಗ್ರಿಯಿಂದ ಕರೆಂಟ್ ಹುಟ್ಟಂಗಿಲ್ಲ. ಆಳಕ್ಕ ಹೋದ್ರ ಏನದನೋ ನಮಗೂ ಗೊತ್ತಿಲ್ಲ. ಸುಳ್ಳು ಆಸೆ ಹಚ್ಚಂಗಿಲ್ಲ ನಾನು."

"ಕರೆಂಟ್ ಬರ್ಲಿ, ಬಿಡ್ಲಿ. ನಾ ಕರೆಂಟ್ ಕೇಳೀನೇನು? ಖರೇ ಬರೀರಿ ಅಂದೀನಿ. ಆಫೀಸಿನ್ಯಾಗ ಬ್ಯಾಡ, ಇಲ್ಲೇ ಬರೀರಿ. ಅಕ್ಕೋರು ಓದಿ ಹೇಳ್ತಾರ."

ಅವರು ಬೋರಿಂಗಿನ ಕಟ್ಟೆಯ ಮೇಲೆ ಕೂತು, ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಹಳೆಯ ವರದಿ ತೆಗೆದರು. "ನೀರು ಸಾಧಾರಣ" ಎಂಬುದರ ಮೇಲೆ ಗೀಟು ಎಳೆದರು. ಕೆಳಗೆ ಬರೆದದ್ದನ್ನು ನಾನು ಊರಿಗೆಲ್ಲ ಕೇಳುವಂತೆ ಓದಿದೆ: "ನೀರಿನ ಉಷ್ಣತೆ ನಲವತ್ತಮೂರು ಡಿಗ್ರಿ. ಹಿಂದಿನ ಮಾದರಿಯನ್ನು ಇಲಾಖೆಯ ಸಿಬ್ಬಂದಿ ಬೋರಿಂಗಿನಿಂದ ತೆಗೆದಿರಲಿಲ್ಲ. ಸ್ಥಳವನ್ನು ಪಟ್ಟಿಗೆ ಸೇರಿಸತಕ್ಕದ್ದು. ಕೊಳವೆಯನ್ನು ಮುಚ್ಚಕೂಡದು."

"ಸಿಬ್ಬಂದಿ ಅಂದ್ರ ಯಾರು?" ಎಂದು ಭೀಮಬಾಯಿ ನನ್ನನ್ನು ಕೇಳಿದಳು.

"ಅವರ ಮಂದಿ" ಎಂದೆ.

"ಅದರ ಮುಂದ ನನ್ನ ಹೆಸರೂ ಬರೀರಿ. ಹರವಿ ನೀರು ಕೊಟ್ಟಾಕಿ ಅಡಿಗಿ ಭೀಮಬಾಯಿ ಅಂತ. ಅರ್ಧ ಖರೇ ನನಗ ಬ್ಯಾಡ."

ನಂದಕಿಶೋರ್ ಅವಳ ಮುಖ ನೋಡಿ, ಅದನ್ನೂ ಬರೆದು, ಕೆಳಗೆ ಸಹಿ ಹಾಕಿದರು. ದಸ್ತಗೀರ, "ಬಂದಿದ್ದಕ್ಕ ಇಷ್ಟರ ಮಾಡ್ತೀನಿ" ಎಂದು, ಎಂಟು ದಿನದ ಹಿಂದೆ ತಾನೇ ಸಡಿಲಿಸಿದ್ದ ನಟ್ಟನ್ನು ಪಾನಾ ಹಾಕಿ ಬಿಗಿದ.

ಭೀಮಬಾಯಿ ಆಗಲೇ ಅಡುಗೆಕೋಣೆಗೆ ಓಡಿದ್ದಳು. ಹರವಿಯಲ್ಲಿ ತಂಬಿಗೆ ಅದ್ದಿ, ಸೆರಗಿನಿಂದ ಅದರ ಅಡಿ ಒರೆಸಿ, ತಂದು ಎರಡೂ ಕೈಯಿಂದ ಅವರ ಮುಂದೆ ಹಿಡಿದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು.

"ತಗೋರಿ ಸಾಹೇಬ್ರ, ಈಗ ಕುಡೀರಿ. ಭಾಳ ಹೊತ್ತು ಬಿಸಲಾಗ ನಿಲ್ಲಸೀನಿ."